ತೊಟ್ಟಿಲಿನ ಪಾಲು

ರಾಜೂರ
9 ಆಗಸ್ಟ್ 2007, ಗುರುವಾರ

ಪ್ರೀತಿಯ ಮೆಹನಾಜ ಆಪಾಗೆ ನಿನ್ನ ಫರ್ಜಾನಾಳ ಸಲಾಂ.

ನಿನ್ನ ಕಾಗದ ಮಧ್ಯಾಹ್ನ ಸಿಕ್ಕಿತು. ಕೂಸು ಅಳುವುದನ್ನೇ ಬಿಟ್ಟಿದೆ ಎಂದು ನಾಲ್ಕು ಸಲ ಬರೆದಿದ್ದೀಯ. ಮೂರು ತಿಂಗಳ ಕೂಸು ಅಳದಿದ್ದರೆ ಯಾರಾದರೂ ಖುಷಿಪಡುತ್ತಾರೆಯೇ? ನೀನು ಅಕ್ಕನಾದರೂ ಬೈಯುತ್ತೇನೆ, ಹುಚ್ಚಿ ನೀನು. ಮುಂದಿನ ಸಾಲು ಓದುವ ಮೊದಲು ಕೂಸನ್ನು ತೊಟ್ಟಿಲಿನಿಂದ ಎತ್ತಿಕೊ.

ಎತ್ತಿಕೊಂಡೆಯಾ? ಈಗ ಕೇಳು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯ ಫೋನ್ ಸದಾ ನಿನ್ನ ಮಾವನ ಕೈಯಲ್ಲಿರುತ್ತದೆ. ಅದಕ್ಕೇ ನಿಮ್ಮೂರು ಬೆಳವಣಕಿಗೆ ಹೊರಟ ಕಾಶೀಂಸಾಬರ ಟೆಂಪೋದಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಕಂಪನಿ ನಮ್ಮೂರ ಹೊರಗೆ ಕಟ್ಟಿದ ಹುಳದ ಮನೆಯ ಬಗ್ಗೆ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಅಲ್ಲಿ ಸಾಕಿದ್ದು ನಾವು ಬಲ್ಲ ರೇಷ್ಮೆ ಹುಳವಲ್ಲ. ಸಮುದ್ರದ ಯಾವುದೋ ಜೀವಿಯ ಗುಣವನ್ನು ಮೊಟ್ಟೆಯಲ್ಲೇ ಸೇರಿಸಿದ್ದಾರೆ. ನೀಲಿ ದೀಪ ಹಿಡಿದರೆ ಹುಳವೂ ಗೂಡೂ ಹಸಿರಾಗಿ ಹೊಳೆಯುತ್ತವೆ. ಸರ್ಕಾರ ಪ್ರಯೋಗಕ್ಕಷ್ಟೇ ಒಪ್ಪಿಗೆ ಕೊಟ್ಟಿದೆ. ಒಂದೊಂದು ಹುಳಕ್ಕೂ ಲೆಕ್ಕವಿರಬೇಕು, ಜೀವವಿರುವ ಯಾವುದೂ ಹೊರಗೆ ಹೋಗಬಾರದು, ಉಳಿದದ್ದನ್ನೆಲ್ಲ ಸುಟ್ಟು ಸುಣ್ಣದ ಗುಂಡಿಗೆ ಹಾಕಬೇಕು. ಅದಕ್ಕೊಂದು ರಿಜಿಸ್ಟರ್ ಇದೆ, ಅದರ ಸಹಿ ನನ್ನದು.

ಆ ಮನೆಯೊಳಗೆ ನನಗೆ ಎಂದೂ ನೆಮ್ಮದಿ ಇರಲಿಲ್ಲ. ನಾನು ಕಾಲಿಟ್ಟರೆ ಎಲೆ ತಿನ್ನುವ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು. ಸಾವಿರಾರು ತಲೆಗಳು ಮೇಲೆದ್ದು ನನ್ನ ಕಡೆ ತಿರುಗುತ್ತಿದ್ದವು. ಜೊತೆಗೆ ಕೆಲಸ ಮಾಡುವ ಕಲ್ಲವ್ವ ಹೋದರೆ ಅವು ಹಾಗೆ ಮಾಡುತ್ತಿರಲಿಲ್ಲ.

ಕಳೆದ ತಿಂಗಳು ಗೂಡು ಬಿಡಿಸಿದ ರವಿವಾರ ಕಲ್ಲವ್ವ ಮೊದಲ ಹಿಡಿಯನ್ನು ಕಿತ್ತು ನನ್ನ ಸೆರಗಿಗೆ ಹಾಕಿದಳು. “ಮೊದಲನೇ ಹಿಡಿ ಎಣಸಬಾರದವಾ, ಅದು ತೊಟ್ಟಿಲದ ಪಾಲು. ಒಳಗಿನ ಹುಳ ಹ್ಯಾಂಗ ಮಲಗತೈತಿ, ಕೂಸು ಹಂಗ ಮಲಗತೈತಿ” ಎಂದಳು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, “ಮುಂದಿನ ಬೆಳಿಗೆ ನಿನ್ನ ತೊಟ್ಟಿಲಕ್ಕ” ಎಂದಳು. ಮದುವೆಯಾಗಿ ಆರು ವರ್ಷದಲ್ಲಿ ಇಂಥ ಮಾತಿಗೆ ನಗುವುದನ್ನು ಕಲಿತಿದ್ದೇನೆ. ನಮ್ಮೂರ ಹುಳದ ಮನೆಗಳಲ್ಲಿ ಆ ಹಿಡಿಯನ್ನು ಯಾರೂ ಎಣಿಸಿದವರಲ್ಲ, ನನಗೂ ಎಣಿಸಬೇಕೆಂದು ಹೊಳೆಯಲಿಲ್ಲ. ಅಂದು ಸಂಜೆಯೇ ನಿನ್ನಲ್ಲಿಗೆ ಬಂದು ತೊಟ್ಟಿಲಿಗೆ ಕಟ್ಟಿ ಹೋದೆ. ಸೋಮವಾರ ಲೆಕ್ಕ ಹಾಕಿದಾಗ ಹನ್ನೊಂದು ಗೂಡು ಕಡಿಮೆ ಬಿತ್ತು. ಹೆದರಿ, ಸತ್ತ ಹುಳಗಳ ಸಾಲಿಗೆ ಹನ್ನೊಂದನ್ನು ಸೇರಿಸಿ ಸಹಿ ಮಾಡಿದೆ.

ಕಳೆದ ವಾರ ಮುಂಬೈಯಿಂದ ಹಣ ಹೂಡುವವರು ಬಂದಿದ್ದರು. ಮ್ಯಾನೇಜರ್ ಶಿವನಪ್ಪನವರು ಕಿಟಕಿ ಮುಚ್ಚಿ, ಒಣಗಿಸಿದ ಗೂಡುಗಳಿಗೆ ನೀಲಿ ದೀಪ ಹಿಡಿದರು. ಬಂದವರು ಚಪ್ಪಾಳೆ ತಟ್ಟಿದರು. ದಸರೆಯೊಳಗೆ ಪೂರ್ತಿ ಅನುಮತಿ ಸಿಗುತ್ತದಂತೆ, ಮುಂದಿನ ವರ್ಷ ಗಜೇಂದ್ರಗಡದ ಮಗ್ಗಗಳಲ್ಲಿ ಬಣ್ಣ ಹಾಕದೆಯೇ ಹೊಳೆಯುವ ಸೀರೆ ನೇಯುತ್ತಾರಂತೆ. ಒಬ್ಬರು ಮಾತ್ರ, ಹೊರಗೆ ಏನಾದರೂ ಹೋಗಿದೆಯೇ ಎಂದು ಕೇಳಿದರು. “ಒಂದ ಹುಳಾನೂ ಹೋಗಿಲ್ರಿ. ಬೇಕಾದ್ರ ನಮ್ಮ ಫರ್ಜಾನಾನ್ನ ಕೇಳ್ರಿ” ಎಂದರು ಶಿವನಪ್ಪನವರು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹೋಗಿಲ್ಲ ಎಂದೆ.

ಗೂಡಿನಿಂದ ಬಿಳಿ ಚಿಟ್ಟೆಗಳು ಬಂದು, ತೊಟ್ಟಿಲಿನ ಬಟ್ಟೆಯ ಮೇಲೆ ಗಸಗಸೆಯಂಥ ಕಾಳು ಇಟ್ಟು ಸತ್ತವು ಎಂದು ಬರೆದಿದ್ದೀಯ. ಮುಸ್ಸಂಜೆ ಕರೆಂಟ್ ಹೋದಾಗ ಆ ಕಾಳು ಹಸಿರಾಗಿ ಕಾಣುತ್ತವಂತೆ. ನೀಲಿ ದೀಪವಿಲ್ಲದೆ ಅವು ಇಲ್ಲಿ ಒಮ್ಮೆಯೂ ಹೊಳೆದಿಲ್ಲ, ಆಪಾ. ಕೂಸು ಅದನ್ನೇ ನೋಡುತ್ತ, ಎಂಟರ ಅಂಕಿ ಬರೆದ ಹಾಗೆ ತಲೆ ಆಡಿಸುತ್ತದೆ ಎಂದು ತಮಾಷೆಯಾಗಿ ಬರೆದಿದ್ದೀಯ. ಗೂಡು ಕಟ್ಟುವ ಹುಳವೂ ತಲೆಯನ್ನು ಹಾಗೆಯೇ ಆಡಿಸುತ್ತದೆ.

ಆ ಕಾಳು ಅವುಗಳ ಮೊಟ್ಟೆ, ಕಪ್ಪಾದ ಮರುದಿನ ಮರಿಗಳು ಹೊರಬರುತ್ತವೆ. ನಿಮ್ಮ ಹಿತ್ತಲಿನಾಚೆಯೇ ಹಿಪ್ಪುನೇರಳೆ ತೋಟ. ಅಲ್ಲಿಗೆ ಹೋದವುಗಳನ್ನು ಯಾರೂ ಹುಡುಕಿ ತರಲಾಗದು. ಆ ಬಟ್ಟೆಯನ್ನು ಈಗಲೇ ಒಲೆಗೆ ಹಾಕು. ಅದು ಅಮ್ಮಿಯ ಸೀರೆ ಎಂಬುದು ನನಗೂ ಗೊತ್ತು. ಅಮ್ಮಿ ತೀರಿಕೊಂಡ ಮೇಲೆ ನಮಗೆ ಉಳಿದದ್ದು ಅದೊಂದೇ, ನಾನೂ ಅಳುತ್ತಲೇ ಬರೆಯುತ್ತಿದ್ದೇನೆ. ಒಗೆದರೆ ಸಾಲದು, ಸುಡು. ಪಾಪ ಎಂದು ಒಂದನ್ನೂ ಉಳಿಸಬೇಡ. ಆಮೇಲೆ ಕೂಸು ಅತ್ತರೆ ನನಗೆ ಹೇಳಿ ಕಳಿಸು.

ನಿನ್ನ ತಂಗಿ,
ಫರ್ಜಾನಾ

ಮರೆಮಾಚಿದ್ದನ್ನೂ ಬರೆದುಬಿಡುತ್ತೇನೆ: ನಿನ್ನ ತೊಟ್ಟಿಲಿಗೆ ನಾನು ಕಟ್ಟಿದ್ದು ಒಂಬತ್ತು. ಉಳಿದ ಎರಡನ್ನು ನನ್ನ ಮದುವೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಇವತ್ತು ಬೆಳಿಗ್ಗೆ ತೆರೆದರೆ ಮೊಟ್ಟೆಯೊಡೆದು ಮರಿಗಳು ಹೊರಬಂದಿದ್ದವು. ಅಂದರೆ ನಿನ್ನವೂ ಇಂದೋ ನಾಳೆಯೋ. ಸುಡಲೆಂದು ಕಡ್ಡಿಪೆಟ್ಟಿಗೆ ತಂದೆ. ಎಲ್ಲವೂ ಒಟ್ಟಿಗೆ ತಲೆ ಎತ್ತಿ ನನ್ನನ್ನು ನೋಡಿದವು. ಎಳೆಯ ಎಲೆ ಕೊಯ್ದು, ಸಣ್ಣಗೆ ಹೆಚ್ಚಿ ಹಾಕಿದ್ದೇನೆ.