ಭಟ್ಕಳದಿಂದ ವಾಪಸ್

ನವೆಂಬರ್ 4, ಸೋಮವಾರ

ಇವತ್ತೂ ಕ್ಲಚ್ ಕೈಕೊಟ್ಟಿತು. ಅಲ್ಲ, ಕಾಲು ಕೈಕೊಟ್ಟಿತು. ಶಾಸ್ತ್ರಿ ಸರ್ಕಲ್‌ನಲ್ಲಿ ಮೂರು ಸಲ ಗಾಡಿ ಬಂದ್. ಹಿಂದಿನ ಬಸ್ಸಿನವ ಹಾರ್ನ್ ಬಾರಿಸಿದ. ಇಳಿದು ಜಗಳಕ್ಕೆ ಹೋದೆ. ವಾಪಸ್ ಬಂದರೆ ಡ್ರೈವಿಂಗ್ ಕಲಿಸುವ ಹರಿಣಾಕ್ಷಿ ನನ್ನ ಸೀಟಿನಲ್ಲಿ ಕೂತಿದ್ದಳು.

"ಜಗಳ ಮಾಡುಕೆ ಲೈಸೆನ್ಸ್ ಬ್ಯಾಡ. ಗಾಡಿ ಬಿಡುಕೆ ಬೇಕ್. ನಿಮಗ್ ಯಾವ್ದ್ ಕಲೂಕಿತ್ತ್?"

ನನಗೆ ನಲವತ್ತೇಳು ವರ್ಷ. ಮುಂಬೈಯಲ್ಲಿ ಆರು ಹೋಟೆಲಿನಲ್ಲಿ ಕೆಲಸ, ಆರರಲ್ಲೂ ಜಗಳ. ಈಗ ಕುಂದಾಪುರದ ಕೋಡಿಯಲ್ಲಿ ಗಿರಿಜಕ್ಕನ ಮನೆ. ಭಾವನ ಕಣ್ಣು ಮಂಜು. ಕಾರು ಬಿಡಲು ಜನ ಬೇಕು ಅಂತ ಅಕ್ಕ ಹಠ ಹಿಡಿದು ಕ್ಲಾಸಿಗೆ ಸೇರಿಸಿದ್ದು.

ನವೆಂಬರ್ 14, ಗುರುವಾರ

ಹೈವೇಯಲ್ಲಿ ಬ್ರಹ್ಮಾವರದವರೆಗೆ. ಕುಂಭಾಶಿ ದಾಟುವಾಗ ಯಾಕೋ ಎಲ್ಲ ಹೇಳಿಬಿಟ್ಟೆ — ಇಪ್ಪತ್ತು ವರ್ಷದ ಹಿಂದೆ, ನಿಶ್ಚಿತಾರ್ಥ ಮುಗಿದು ಮದುವೆಗೆ ವಾರವಿರುವಾಗ, ಮುಂಬೈ ಬಸ್ ಹತ್ತಿ ಓಡಿದ್ದು. ಮುಖ ತಿರುಗಿಸುತ್ತಾಳೆ ಅಂದುಕೊಂಡೆ.

"ಥರ್ಡಿಗೆ ಹಾಕಿ," ಎಂದಳು. ಹಾಕಿದ ಮೇಲೆ, "ಆ ಹೆಣ್ಣ್ ಈಗ ಹ್ಯಾಂಗಿತ್ತ್?"

ಗೊತ್ತಿಲ್ಲ. ಇಷ್ಟು ವರ್ಷ ಯಾರನ್ನೂ ಕೇಳಲೇ ಇಲ್ಲ ನಾನು. ಅದು ಹೊಳೆದ ಮೇಲೆ ಗೇರೂ ಸಿಗಲಿಲ್ಲ.

ನವೆಂಬರ್ 20

ಗೋವಾದ ಮಡಗಾಂವಿನಿಂದ ರಾಜೀವನ ಫೋನ್. ಹಳೆಯ ಜೊತೆಗಾರ. ಅವನ ಹೋಟೆಲಿಗೆ ಮ್ಯಾನೇಜರ್ ಬೇಕಂತೆ. "ಕಾಂಬ" ಎಂದೆ, ನೋಡೋಣ ಅಂತ.

ಸಂಜೆ ಹರಿಣಾಕ್ಷಿ ಇಂಜಿನ್ ಆಫ್ ಮಾಡಿಸಿದಳು. "ನಂಗೆ ನಲ್ವತ್ಮೂರ್. ಸುತ್ತು ಬಳಸಿ ಮಾತಾಡುಕೆ ಬತ್ತಿಲ್ಲೆ. ನಿಮ್ಮನ್ನ್ ಕಂಡ್ರೆ ಇಷ್ಟ. ಎಂತಕ್ಕೆ ಅಂದ್ ನಂಗೂ ಗೊತ್ತಿಲ್ಲೆ. ಆಯ್ತವಾರ ಬೈಂದೂರಿಗೆ ಊಟಕ್ಕೆ ಬನ್ನಿ, ಅಮ್ಮನತ್ರ ಮಾತಾಡ್ವ. ಮನಸ್ಸಿಲ್ದಿದ್ರೆ ಈಗ್ಳೇ ಹೇಳಿ."

ಇದಕ್ಕೂ "ಕಾಂಬ" ಎಂದೆ. ಎಂಥ ಮನುಷ್ಯ ನಾನು.

ನವೆಂಬರ್ 24, ಭಾನುವಾರ, ಸಂಜೆ 6

ಬೈಂದೂರಿಗೆ ಟಿಕೆಟ್ ತೆಗೆದೆ. ಸ್ಟಾಪ್ ಬಂತು. ಏಳಲಿಲ್ಲ. ಕಂಡಕ್ಟರ್ ಬಂದ. "ಎಂತ, ಮುಂದ್ ಹೋಪ್ದಾ?" ಭಟ್ಕಳಕ್ಕೆ ಕೊಡು ಎಂದೆ...

ಮೂರು ಗಂಟೆಗೆ ವಾಪಸ್ ಬೈಂದೂರಿಗೆ ಬಂದು ಹರಿಣಾಕ್ಷಿಯ ಮನೆ ಜಗಲಿ ಹತ್ತಿದೆ. ಊಟ ಮುಗಿದಿತ್ತು. ಅವಳಮ್ಮ ರತ್ನಕ್ಕ ಕೇಳಿದರು, "ಇವ್ರ್ ಯಾರ್, ಮಗಾ?"

"ಡ್ರೈವಿಂಗ್ ಕಲೂಕೆ ಬಪ್ಪೋರ್," ಎಂದಳು ಹರಿಣಾಕ್ಷಿ. ನೀರು, ಬೆಲ್ಲ ತಂದಿಟ್ಟಳು. ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ನಾನೂ ಸಿಟ್ಟು ಮಾಡಿ ಎದ್ದು ಬರಬಹುದಿತ್ತು.

ಡಿಸೆಂಬರ್ 9, ಸೋಮವಾರ

ಹದಿನೈದು ದಿನ ಕ್ಲಾಸಿಗೆ ಹೋಗಲಿಲ್ಲ. ಇವತ್ತು ಹೋದೆ. ಆ ದಿನ ಹೆದರಿ ಭಟ್ಕಳಕ್ಕೆ ಹೋದದ್ದು ಎಂದು ಹೇಳಿದೆ.

"ಹೆದ್ರಿದ್ದ್ ಗೊತ್ತಾಯ್ತ್. ವಾಪಸ್ ಬಂದದ್ದ್ ಎಂತಕ್ಕೆ?"

ಸರಿಯಿದ್ದ ಕನ್ನಡಿಯನ್ನೇ ಮತ್ತೆ ಸರಿ ಮಾಡಿದೆ.

"ಗೊತ್ತಾರೆ ಹೇಳಿ. ಆದ್ರೆ ಬೇಗ ಹೇಳಿ."

ಡಿಸೆಂಬರ್ 10, ಬೆಳಿಗ್ಗೆ 8

ಯಾಕೆ ವಾಪಸ್ ಬಂದೆ? ಹಸಿವು ಅಂತ ಬರೆದೆ. ಹೊಡೆದುಹಾಕಿದೆ. ಮರ್ಯಾದೆ... ಅದೂ ಸುಳ್ಳು.

ಭಟ್ಕಳ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಎರಡು ಬಸ್ ನಿಂತಿದ್ದವು. ಒಂದು ಮಡಗಾಂವಿಗೆ, ಇನ್ನೊಂದು ಕುಂದಾಪುರಕ್ಕೆ. ಎರಡರಲ್ಲೂ ಸೀಟಿತ್ತು. ಗೋವಾದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟದ್ದೂ ಹೌದು. ಆಗ ಅನ್ನಿಸಿತು — ಅವರ ಮನೆಯಲ್ಲಿ ನನಗೂ ಒಂದು ಎಲೆ ಹಾಕಿಟ್ಟಿರುತ್ತಾರೆ. ಖಾಲಿ ಎಲೆ. ಕಾಲು ತೆಗೆದೆ. ಅಷ್ಟೇ. ಇದಕ್ಕೆ ಏನು ಹೆಸರೋ ಗೊತ್ತಿಲ್ಲ.

ರಾಜೀವನಿಗೆ ಬರುವುದಿಲ್ಲ ಅಂತ ಹೇಳಿಯಾಯಿತು. ಈಗ ಅವಳಿಗೆ ರಿಂಗ್ ಆಗುತ್ತಿದೆ. ಎತ್ತಿದರೆ ಮೊದಲು ಹೇಳುವುದು ಆ ಖಾಲಿ ಎಲೆಯ ವಿಷಯವೇ. ಹರಿಣಾಕ್ಷೀ, ನಾನು—