ಎಳೆಯಬೇಕಾದ ಬಾಗಿಲು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 7

ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅಕ್ಕನಿಗೆ ಮಾತ್ರೆ ಕೊಟ್ಟು, ಪ್ಲಾಸ್ಟರ್ ಕಾಲಿನ ಕೆಳಗೆ ದಿಂಬು ಸರಿಮಾಡಿ ಬಂದು ಕೂತಿದ್ದೇನೆ. ಎಂಟು ದಿನದಿಂದ ವಿಮಾನದ್ದೇ ಬರೆಯುತ್ತಿದ್ದೇನೆ. ಇಳಿಯುವಾಗ ಟೈರು ಸಿಡಿದದ್ದು, ಹೊಗೆ, ಅಕ್ಕನ ಕಾಲು ಮುರಿದದ್ದು. ಆ ಗಗನಸಖಿ ಹುಡುಗಿ ನನಗೆ ಬಾಗಿಲು ತೆರೆಯುವುದನ್ನೆಲ್ಲ ಹೇಳಿಕೊಟ್ಟಿದ್ದಳು ಎಂಬುದನ್ನು ಮಾತ್ರ ಬರೆದಿಲ್ಲ.

ಹೇಳಿಕೊಟ್ಟಿದ್ದಳು. ಮೊಣಕಾಲೂರಿ ಕೂತು, ನನ್ನ ಮುಖ ನೋಡುತ್ತಾ, ಪೂರ್ತಿಯಾಗಿ.

ನನ್ನದು ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಸೀಟು. ಅಕ್ಕ ಪಕ್ಕದಲ್ಲೇ ಕೂರಬೇಕಿತ್ತು. ಆ ಸಾಲಿನಲ್ಲಿ ಕಾಲ ಬಳಿ ಏನೂ ಇಡುವಂತಿಲ್ಲ, ಬ್ಯಾಗು ಮೇಲಿಡಿ ಎಂದಳು ಗಗನಸಖಿ. ಬ್ಯಾಗು ಬಿಟ್ಟು ಕೂರುವವಳಲ್ಲ ಅಕ್ಕ. ಮುಖ ಊದಿಸಿಕೊಂಡು ಹಿಂದಿನ ಸಾಲಿಗೆ ಹೋದಳು. ನನ್ನ ಸಾಲಿನಲ್ಲಿ ನಾನೊಬ್ಬಳೇ.

ವಿಮಾನ ಏರುವಾಗ ನನಗೆ ಭಯ. ಇಪ್ಪತ್ತು ವರ್ಷದಿಂದ ಆಫೀಸಿನ ಕೆಲಸಕ್ಕೆ ಓಡಾಡುತ್ತಿದ್ದರೂ ಆ ಭಯ ಹೋಗಿಲ್ಲ. ಯಾರಿಗೂ ಹೇಳಿಲ್ಲ. ವಿಮಾನ ಓಡತೊಡಗಿದಾಗ ಎಣಿಸುತ್ತೇನೆ — ನಲವತ್ತರೊಳಗೆ ಚಕ್ರ ನೆಲ ಬಿಡಬೇಕು. ನಲವತ್ತು ದಾಟಿದರೆ ಉಸಿರು ಕಟ್ಟುತ್ತದೆ. ಆವತ್ತು ಬಾಗಿಲು ಮುಚ್ಚಿದ ಕೂಡಲೇ ಎಣಿಕೆಯ ರಿಹರ್ಸಲ್ ಶುರು. ಹುಡುಗಿಯ ತುಟಿ ಅಲ್ಲಾಡುತ್ತಿತ್ತು. ನಾನು ಹನ್ನೆರಡು, ಹದಿಮೂರು... ತಲೆಯಾಡಿಸಿದೆ.

"ಬಾಗಿಲು ತೆಗೀತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು ಮೇಡಂ. ಕಷ್ಟ ಅನ್ಸಿದ್ರೆ ಬೇರೆ ಸೀಟು ಕೊಡ್ತೀನಿ. ತಪ್ಪೇನಿಲ್ಲ."

ಹಿಂದೆ ಅಕ್ಕ ಕೂತಿದ್ದಳು. ಚಿಕ್ಕಂದಿನಿಂದ ನನ್ನನ್ನು ಪುಕ್ಕಲಿ ಎಂದೇ ಕರೆದವಳು. ಹೂಂ ಎಂದೆ.


ಮಾರ್ಚ್ 4, ಬುಧವಾರ

ಆಫೀಸಿಗೆ ಹೋದೆ. ಹೊಸ ಗೀಸರಿಗೆ ನಾನು ಬರೆಯುತ್ತಿರುವ ಕೈಪಿಡಿ ಮೇಜಿನ ಮೇಲೆ. ಎಚ್ಚರಿಕೆಗಳನ್ನು ಮೊದಲ ಪುಟದಲ್ಲಿ ಹಾಕಿದರೂ ಜನ ಓದುವುದಿಲ್ಲ ಎಂದು ನಮ್ಮ ಚಿತ್ರಕಾರರು ಗೊಣಗಿದರು. ಸಾಮಾನ್ಯವಾಗಿ ನಾನೂ ಜೊತೆಗೂಡಿ ಗೊಣಗುತ್ತೇನೆ.

ಮಧ್ಯಾಹ್ನ ಫೋನ್. ವಿಮಾನ ಕಂಪನಿಯ ವಿಚಾರಣಾಧಿಕಾರಿ. ಗಟ್ಟಿ ದನಿಯ ಹೆಂಗಸು, ಆದರೆ ಒರಟಲ್ಲ. ಅಕ್ಕನ ದೂರು ತಲುಪಿದೆಯಂತೆ. ಬಾಗಿಲ ಪಕ್ಕ ಕೂತ ತಂಗಿಗೆ ಯಾರೂ ಏನೂ ಹೇಳಿಕೊಡಲಿಲ್ಲ ಎಂದು ಬರೆದಿದ್ದಾಳೆ. ಹುಡುಗಿಯನ್ನು ಡ್ಯೂಟಿಯಿಂದ ಇಳಿಸಿದ್ದಾರೆ. ಆ ಸಾಲಿನಲ್ಲಿ ಇದ್ದದ್ದು ನಾನೊಬ್ಬಳೇ ಆದ್ದರಿಂದ ನನ್ನ ಮಾತಿನ ಮೇಲೆ ಅವಳ ಕೆಲಸ ನಿಂತಿದೆ. ಫಾರಂ ಕಳಿಸಿದ್ದಾರೆ. ಪುಟಪುಟಕ್ಕೂ ಶಾಯಿಯ ಸಹಿ ಬೇಕು, ಪೋಸ್ಟಿನಲ್ಲೇ ಬರಬೇಕು.

ಅಕ್ಕ ಸುಳ್ಳು ಬರೆಯುವವಳಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ್ದಳು, ಆ ಹುಡುಗಿ ನಿನಗೇನೂ ಹೇಳಿಕೊಡಲಿಲ್ಲ ಅಲ್ಲವೇ ಎಂದು. ಆಗಲೂ ಹೂಂ ಎಂದಿದ್ದೆ.

ಸಂಜೆ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು. ಕೊನೆಗೆ ದೊಡ್ಡಮ್ಮನಿಗೆ ಫೋನ್ ಕೊಡು ಎಂದಳು. ಸ್ಪೀಕರಿನಲ್ಲೇ ದೂರಿದಳು: "ದೊಡ್ಡಮ್ಮಾ, ಅಮ್ಮ ಹೂಂ ಅಂದ್ರೆ ಕೇಳಿಸ್ಕೊಂಡಿಲ್ಲ ಅಂತ. ಹೂಂಹೂಂ ಅಂದ್ರೆ ಫೋನ್ ಇಡು ಅಂತ." ಅಕ್ಕ ಒಂಬತ್ತು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಪಾತ್ರೆ ತೊಳೆಯಲು ಹೋದೆ.


ಮಾರ್ಚ್ 7, ಶನಿವಾರ

ಫಾರಂ ಬಂದಿದೆ. ನಾಲ್ಕು ಪುಟ. "ನೆನಪಿಲ್ಲ" ಎಂಬ ಚೌಕವೂ ಇದೆ. ಅದರ ಮೇಲೆ ಪೆನ್ನು ಇಟ್ಟು ತುಂಬ ಹೊತ್ತು ಕೂತೆ. ಯಾರಿಗೂ ನೋವಾಗದ ಚೌಕ ಅನಿಸಿತು... ಹುಡುಗಿಯೊಬ್ಬಳನ್ನು ಬಿಟ್ಟು.

ನೆನಪಿಲ್ಲವೇ? ಎಲ್ಲವೂ ಇದೆ. ಚಕ್ರ ನೆಲಕ್ಕೆ ಬಡಿಯಿತು. ಸಿಡಿಲಿನಂಥ ಸದ್ದು. ಇಡೀ ವಿಮಾನ ಒಂದು ಮಗ್ಗುಲಿಗೆ ವಾಲಿ, ಕಬ್ಬಿಣ ಉಜ್ಜಿದಂತೆ ಕಿರುಚುತ್ತಾ ಹೋಗಿ ನಿಂತಿತು. ಸುಟ್ಟ ರಬ್ಬರಿನ ವಾಸನೆ. ಎಲ್ಲರೂ ಹೊರಗೆ ಹೋಗಿ ಎಂದು ಕೂಗು. ನನ್ನ ಕೈ ಬಾಗಿಲ ಮೇಲಿತ್ತು. ಹಿಡಿಯನ್ನು ಎಳೆಯಬೇಕು. ನಾನು ತಳ್ಳಿದೆ. ಮನೆಯ ಬಾಗಿಲು ತಳ್ಳುವ ಹಾಗೆ ಎರಡೂ ಅಂಗೈಯಿಂದ ತಳ್ಳುತ್ತಲೇ ಇದ್ದೆ. ಹಿಂದಿನಿಂದ ಜನ ಸೀಟು ಹತ್ತಿ ಬಂದರು. ಅಕ್ಕ ಕೂಗಿದ್ದು ಆಗಲೇ, ಅವಳ ಕಾಲು ಎರಡು ಸೀಟಿನ ನಡುವೆ ಸಿಕ್ಕಿಕೊಂಡಿತ್ತು. ಯಾರದೋ ತೋಳು ನನ್ನ ತಲೆಯ ಮೇಲಿಂದ ಬಂದು ಹಿಡಿ ಎಳೆಯಿತು. ಇಪ್ಪತ್ತು ಸೆಕೆಂಡು ಇರಬಹುದು. ಆಗ ಮಾತ್ರ ಎಣಿಸಲಿಲ್ಲ.


ಮಾರ್ಚ್ 12, ಗುರುವಾರ. ಮಧ್ಯಾಹ್ನ

ರಜೆ ಹಾಕಿದೆ. ಅಕ್ಕನಿಗೆ ಹೇಳಿದೆ. ಹೂಂ ಎಂದದ್ದು, ಎರಡು ಸಲವೂ. ಎಣಿಸುತ್ತಿದ್ದದ್ದು. ತಳ್ಳಿದ್ದು.

ಅವಳು ಅರ್ಧಕ್ಕೆ ತಡೆಯಲಿಲ್ಲ. ಅದು ಅವಳ ಸ್ವಭಾವವಲ್ಲ. ಹೆದರಿಕೆ ಅಂತ ಹೇಳಿ ಹಿಂದೆ ಬಂದು ಕೂರಬಹುದಿತ್ತಲ್ಲ ಎಂದಳು. ನೀನು ನಗುತ್ತಿದ್ದೆ ಎಂದೆ.

"ನಗ್ತಿದ್ದೆ. ಅಷ್ಟೇ ತಾನೇ?"

ಆಮೇಲೆ ಪ್ಲಾಸ್ಟರ್ ನೋಡುತ್ತಾ ಕೇಳಿದಳು:

"ಬಾಗಿಲು ಬೇಗ ತೆಗೆದಿದ್ರೆ ನನ್ನ ಕಾಲು ಉಳೀತಿತ್ತಾ?"

"ಉಳೀತಿತ್ತು ಅನ್ಸುತ್ತೆ ಅಕ್ಕ."

"ಕಾಲು ಸರಿ ಇದ್ದಿದ್ರೆ ಈಗಲೇ ಎದ್ದು ಹೋಗ್ತಿದ್ದೆ," ಎಂದು ಗೋಡೆಗೆ ಮುಖ ಮಾಡಿದಳು. ಜೋಕೋ ಅಲ್ಲವೋ ತಿಳಿಯಲಿಲ್ಲ. ಅಲ್ಲ.


ಮಾರ್ಚ್ 14, ಶನಿವಾರ. ಸಂಜೆ

ಎರಡು ದಿನದ ಮೇಲೆ ಅಕ್ಕ ಮಾತಾಡಿದಳು. ತಾನೇ ಫೋನ್ ಮಾಡಿ ತಮ್ಮನಿಗೆ ಬರಹೇಳಿದ್ದಾಳೆ. ನಾಳೆ ಅವನ ಮನೆಗೆ ಹೋಗುತ್ತಾಳಂತೆ. ಅಲ್ಲಿ ಮೆಟ್ಟಿಲಿಲ್ಲ ಎಂಬುದು ಹೇಳಿಕೊಳ್ಳಲು ಕಾರಣ. ತನ್ನ ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ನೀನು ಹೇಳಿದ್ದನ್ನು ನಂಬಿ ಬರೆದೆ, ಅದರಲ್ಲಿ ನನ್ನ ತಪ್ಪಿಲ್ಲ ಎಂದಳು. ಹೌದು, ಅವಳ ತಪ್ಪಿಲ್ಲ.

"ನಿಂದು ನೀನು ಕಳ್ಸು. ಆ ಹುಡುಗಿಗೂ ಮನೆ ಇರುತ್ತೆ. ಆದ್ರೆ ನಾನು ಹೋದ್ಮೇಲೆ ಕಳ್ಸು. ನೀನು ಲಕೋಟೆ ಹಿಡ್ಕೊಂಡು ಹೋಗೋದನ್ನ ಈ ಮಂಚದ ಮೇಲಿಂದ ನೋಡೋಕೆ ನನ್ನ ಕೈಲಾಗಲ್ಲ."

ಅವಳ ಬಟ್ಟೆ ಮಡಿಚಿಟ್ಟೆ. ಫಾರಂ ತುಂಬಿದೆ. ಹೇಳಿಕೊಟ್ಟರೇ — ಹೌದು. ಒಪ್ಪಿದಿರೇ — ಹೌದು. ಬಾಗಿಲು ತೆರೆಯಲು ತಡವಾದ ಕಾರಣ — ಮೂರು ಗೆರೆ ಜಾಗ ಬಿಟ್ಟಿದ್ದಾರೆ. ಭಯ, ಕೇಳಿಸಿಕೊಳ್ಳಲಿಲ್ಲ, ತಪ್ಪು ನನ್ನದು ಎಂದು ಬರೆದು ನಾಲ್ಕೂ ಪುಟಕ್ಕೆ ಸಹಿ ಹಾಕಿದೆ. ಲಕೋಟೆ ಅಂಟಿಸಿದ್ದೇನೆ, ಮತ್ತೆ ತೆರೆದು ತಿದ್ದುವ ಬುದ್ಧಿ ಬಾರದಿರಲಿ ಎಂದು.

ತಮ್ಮನ ಕಾರು ನಾಳೆ ಹತ್ತಕ್ಕೆ. ನಾಳೆ ಭಾನುವಾರ, ಪೋಸ್ಟ್ ಆಫೀಸು ಇಲ್ಲ. ಸೋಮವಾರ, ಮಾರ್ಚ್ 16, ಆಫೀಸಿಗೆ ಹೋಗುವ ದಾರಿಯಲ್ಲಿ ಲಕೋಟೆ ಪೋಸ್ಟ್ ಮಾಡುತ್ತೇನೆ.