ಅಪ್ಪನ ಕೈಗೊಂದು ಸ್ಟೆಬಿಲೈಸರ್

ಜೂನ್ 3, ಬೆಳಗ್ಗೆ

ಇವತ್ತೂ ಪೆನ್ನು ಹಟ ಹಿಡಿಯಿತು. ಕೇಬಲ್ ತೆಗೆದು ಹಾಕಿದೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಅದರ ಡ್ರೈವರ್ ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೊನೆಗೆ ಬೈದೆ — ಆಗ ಕೆಲಸ ಮಾಡಿತು.

ಎಂ.ಎ. ಕ್ಲಾಸು ಶುರುವಾಗಲು ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಕಲಿಯಬೇಕು. ಸೀನಿಯರ್ ಒಬ್ಬಳು ಬಳಸಿ ಬಿಟ್ಟ ಪೆನ್ ಟ್ಯಾಬ್ಲೆಟ್ ಸಿಕ್ಕಿದೆ. ಕರಿ ಸ್ಲೇಟಿನಂಥ ಹಲಗೆ. ಅದರ ಮೇಲೆ ಏನೂ ಮೂಡುವುದಿಲ್ಲ. ಇಲ್ಲಿ ಬರೆದದ್ದು ಅಲ್ಲಿ, ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಣುತ್ತದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಇಡೀ ಬೆಳಗ್ಗೆ ಒಂದು ಲೋಟ ಬರೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಚೆನ್ನಾಗಿದೆ ಕಣೇ. ಆನೆ ಕಾಲಾ?"

ಕುಣಿಯಲಾರದವಳಿಗೆ ನೆಲ ಡೊಂಕು. ನನಗೆ ಡ್ರೈವರ್ ಡೊಂಕು.

ಜೂನ್ 5

ಗುಟ್ಟು ಸಿಕ್ಕಿತು! ಬ್ರಷ್ ಸೆಟ್ಟಿಂಗಿನೊಳಗೆ 'ಸ್ಟೆಬಿಲೈಸರ್' ಅಂತ ಒಂದು ಪಟ್ಟಿ ಇದೆ. ಸೊನ್ನೆಯಿಂದ ನೂರರವರೆಗೆ ಎಳೆಯಬಹುದು. ಹೆಚ್ಚು ಎಳೆದಷ್ಟೂ ಗೆರೆ ನುಣುಪು. ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ಅವಸರದಲ್ಲಿ ಹೋಗುವ ದೊಡ್ಡವರ ಹಿಂದೆ ಬೆರಳು ಹಿಡಿದು ಬರುವ ಮಗುವಿನ ಹಾಗೆ, ಪೆನ್ನಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ. ಎಂಬತ್ತಕ್ಕೆ ಇಟ್ಟೆ. ಲೋಟ ಲೋಟವಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಸ್ಟೆಬಿಲೈಸರ್‌ದೇ ಕಿತಾಪತಿ ಅಮ್ಮ. ಇಷ್ಟು ದಿನ ಸೊನ್ನೆಯಲ್ಲಿತ್ತು."

ಅಮ್ಮ ಎದ್ದು ಫ್ರಿಜ್ಜಿನ ಹಿಂದೆ ಓಡಿದಳು. "ಅಯ್ಯೋ, ಯಾವಾಗಿಂದ? ಕೆಂಪು ಲೈಟು ಉರೀತಾನೇ ಇದೆಯಲ್ಲೇ!"

"ಆ ಡಬ್ಬಿ ಅಲ್ಲಮ್ಮ. ಇದು ಚಿತ್ರದ್ದು."

"ಚಿತ್ರಕ್ಕೂ ಕರೆಂಟ್ ಏರುಪೇರಾಗುತ್ತಾ?"

ಅಪ್ಪ ನಕ್ಕರು. ಶಬ್ದ ಬರುವ ಹಾಗೆ. ಎಷ್ಟು ತಿಂಗಳಾಗಿತ್ತೋ. ಎಡಗೈಯಲ್ಲಿ ಚಮಚ ಹಿಡಿದಿದ್ದರು. ಬಲಗೈ ತೊಡೆಯ ಮೇಲೆ, ಕರ್ಚೀಫಿನ ಕೆಳಗೆ. ಹೋದ ವರ್ಷ ಲಕ್ವ ಹೊಡೆದ ಕೈ ಅದು. ಜೀವ ಬಂದಿದೆ, ಬಲ ಬಂದಿದೆ, ನಡುಕ ಹೋಗಿಲ್ಲ. ಯಾರಾದರೂ ನೋಡುತ್ತಾರೆಂದು ಮುಚ್ಚಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ನಾವಿಬ್ಬರೇ ಇದ್ದರೂ.

ಜೂನ್ 6

ಅಪ್ಪ ಭೂಗೋಳದ ಮೇಷ್ಟ್ರು. ಬೋರ್ಡಿಗೆ ಬೆನ್ನು ಹಾಕಿ, ನಮ್ಮನ್ನು ನೋಡುತ್ತಲೇ ಕೈ ಹಿಂದಕ್ಕೆ ಚಾಚಿ ನಕ್ಷೆ ಬರೆಯುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ದೇಶ ಮುಗಿದಿರುತ್ತಿತ್ತು. ಸರ್‌ಗೆ ಬೆನ್ನಲ್ಲೂ ಕಣ್ಣಿದೆ ಅಂತ ಮಕ್ಕಳು ನಂಬಿದ್ದರು. ನಾನೂ ಅದೇ ಶಾಲೆ. ಕೊನೇ ಬೆಂಚು.

"ಕೊನೇ ಬೆಂಚು, ಇದು ಯಾವ ಕೊಲ್ಲಿ?"

ಗೊತ್ತಿರುತ್ತಿತ್ತು. ಮಾತು ಬಾಯಿಗೆ ಬರುತ್ತಿರಲಿಲ್ಲ. ನಿಂತು ನೆಲ ನೋಡುತ್ತಿದ್ದೆ.

"ಒಳಗೆಲ್ಲ ತುಂಬ್ಕೊಂಡು ಹೊರಗೆ ಸುಮ್ಮನಿರೋದಕ್ಕೆ ಏನಂತಾರೆ ಮಕ್ಕಳೇ?"

"ಸುಪ್ತ ಜ್ವಾಲಾಮುಖಿ ಸಾರ್!"

ಆ ಹೆಸರು ಅಂಟಿತು. ಮನೆಯಲ್ಲೂ ಅದೇ. ಬಿ.ಎ. ಮುಗಿಯಿತು, ಜ್ವಾಲಾಮುಖಿ ಇನ್ನೂ ಸಿಡಿದಿಲ್ಲ.

ಜೂನ್ 8

ಏನೋ ಆಗಿಹೋಯಿತು.

ಅಪ್ಪ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಾನು ಬರೆಯುವುದನ್ನು ನೋಡಿದರು. "ಕೈ ನೋಡದೆ ಬರೀಬೇಕಾ? ಇದು ನನ್ನ ವಿದ್ಯೆ ಕಣೇ. ಕೊಡಿಲ್ಲಿ."

ಕೊಟ್ಟೆ. ಕರ್ಚೀಫು ಜೇಬಿಗೆ ಹೋಯಿತು. ಪೆನ್ನು ಹಲಗೆಯ ಮೇಲೆ ಟಕಟಕ ನಡುಗುತ್ತಿತ್ತು. ಆದರೆ ಪರದೆಯ ಮೇಲೆ ಗೆರೆ... ನುಣ್ಣಗೆ, ಬಾಗಿ, ನಿಧಾನವಾಗಿ ಇಳಿಯಿತು. ಪಟ್ಟಿ ಎಂಬತ್ತರಲ್ಲೇ ಇತ್ತು. ಮರೆತಿದ್ದೆ. ನಿಜವಾಗಿ ಮರೆತಿದ್ದೆ.

ಅಪ್ಪ ಗೆರೆಯನ್ನೇ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಏನೇ... ಬಾರೇ ಇಲ್ಲಿ. ನನ್ನ ಕೈ ನೋಡು ಬಾ."

ಅಮ್ಮ ಕೈ ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು.

ಹೇಳಬೇಕಿತ್ತು. ಬಾಯಿ ತೆರೆದೆ. "ಚೆನ್ನಾಗಿದೆ ಅಪ್ಪಾ" ಅಂದೆ.

ಜೂನ್ 13

ಈಗ ದಿನಾ ಬೆಳಗ್ಗೆ ಕಾಫಿ ಆದ ಕೂಡಲೇ ಅಪ್ಪನ ಪಾಳಿ. ನನಗೆ ಮಧ್ಯಾಹ್ನ ಸಿಕ್ಕರೆ ಪುಣ್ಯ. ಲೇಯರ್ ಅಂದರೇನು ಅಂತ ಹೇಳಿಕೊಟ್ಟೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ, ಮೇಲಿನದು ಅಳಿಸಿದರೂ ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಅಪ್ಪ ತಲೆದೂಗಿದರು. "ಭೂಮಿನೂ ಹೀಗೇ ಇದ್ದಿದ್ರೆ ಚೆನ್ನಾಗಿತ್ತು."

ಅಳಿಸಿದ್ದನ್ನು ವಾಪಸ್ ತರುವ ಗುಂಡಿ ಅವರಿಗೆ ಅಚ್ಚುಮೆಚ್ಚು. ಅಮ್ಮನಿಗೂ ಕಲಿಸಿಬಿಟ್ಟಿದ್ದಾರೆ. ಹಾಲು ಉಕ್ಕಿದಾಗ ಅಮ್ಮ, "ರೀ, ಕಂಟ್ರೋಲ್ ಝಡ್ ಒತ್ತಿ!"

ನಿನ್ನೆ ತಾವೇ ಶರಟಿನ ಗುಂಡಿ ಹಾಕಿಕೊಂಡರು. ಇವತ್ತು ಬಲಗೈಯಲ್ಲಿ ಚಮಚ. ಚೆಲ್ಲಿತು. ಲೆಕ್ಕಿಸಲಿಲ್ಲ. ಕರ್ಚೀಫು ಕಾಣುತ್ತಿಲ್ಲ. ಫಿಸಿಯೋಥೆರಪಿಯವರು ಬಂದು, "ಏನ್ ಸಾರ್, ಮದುಮಗನ ಥರ ಆಗಿದ್ದೀರಿ" ಅಂದರು.

ಸುಳ್ಳಿನಿಂದ ಇಷ್ಟು ಒಳ್ಳೆಯದಾಗುವುದಾದರೆ... ಪಟ್ಟಿಯನ್ನು ತೊಂಬತ್ತಕ್ಕೆ ಎಳೆದೆ. ಈ ಸಲ ಮರೆವಿನ ನೆಪ ಇಲ್ಲ.

ಜೂನ್ 19

ಶಾಲೆಯ ಹೆಡ್‌ಮಿಸ್ಸು ಬಂದಿದ್ದರು. ಅಪ್ಪನ ಜೊತೆ ಎಷ್ಟೋ ವರ್ಷ ಕೆಲಸ ಮಾಡಿದವರು. ಭೂಗೋಳಕ್ಕೇ ಅಂತ ಹೊಸ ಕೋಣೆ ಕಟ್ಟಿದ್ದಾರಂತೆ. ಗೋಡೆಯಿಂದ ಗೋಡೆಗೆ ಬೋರ್ಡು.

"ಮೊದಲನೇ ನಕ್ಷೆ ನಿಮ್ಮ ಕೈಯಲ್ಲೇ ಆಗಬೇಕು ಸಾರ್. ಅಲ್ಲಿವರೆಗೆ ಯಾರೂ ಚಾಕ್‌ಪೀಸ್ ಮುಟ್ಟಬಾರದು ಅಂತ ಹೇಳಿದ್ದೀನಿ. ಕೈ ಹೇಗೂ ಸುಧಾರಿಸಿದೆಯಂತಲ್ಲ?"

ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಬೇಡ ಅನ್ನಿ ಅಪ್ಪಾ, ಬೇಡ ಅನ್ನಿ —

"ಆಗಲಿ ಮೇಡಂ. ಮೊದಲಿನ ಹಾಗೇ. ಬೋರ್ಡು ನೋಡದೆ."

ಬರುವ ಇಪ್ಪತ್ತೊಂಬತ್ತಕ್ಕೆ. ಇಡೀ ಶಾಲೆ ಇರುತ್ತದೆ.

ಬೋರ್ಡಿಗೆ ಸೆಟ್ಟಿಂಗ್ಸ್ ಇಲ್ಲ.

ಜೂನ್ 22

ಪಟ್ಟಿಯನ್ನು ದಿನಕ್ಕೆ ಸ್ವಲ್ಪ ಇಳಿಸುತ್ತಾ ಹೋದರೆ ತಾನಾಗಿ ಗೊತ್ತಾಗುತ್ತದೆ ಅಂದುಕೊಂಡೆ. ಹೇಳುವ ಕಷ್ಟ ತಪ್ಪುತ್ತದೆ. ಅರವತ್ತಕ್ಕೆ ಇಳಿಸಿದೆ. ಗೆರೆ ಅಲ್ಲಲ್ಲಿ ಹಲ್ಲು ತೋರಿಸಿತು. ಅಪ್ಪ ಪೆನ್ನು ಇಟ್ಟರು. "ಇವತ್ತು ಯಾಕೋ ಕೈ ಕೊಡ್ತಿದೆ" ಅಂದರು. ಕೈಯೇ ಕೈ ಕೊಟ್ಟರೆ ಯಾರಿಗೆ ಹೇಳುವುದು! ಮಧ್ಯಾಹ್ನ ಊಟಕ್ಕೆ ಕರ್ಚೀಫು ವಾಪಸ್ ಬಂತು.

ಪಟ್ಟಿಯನ್ನು ಮೊದಲಿದ್ದಲ್ಲಿಗೆ ಎಳೆದುಬಿಟ್ಟೆ. ಉಗುಳಲೂ ಆಗದು, ನುಂಗಲೂ ಆಗದು.

ಜೂನ್ 25, ಸಂಜೆ

"ಜ್ವಾಲಾಮುಖಿ, ಬಾ ಇಲ್ಲಿ."

ಪರದೆಯ ಮೇಲೆ ಕರಾವಳಿ. ಉದ್ದಕ್ಕೂ ನುಣುಪು.

"ಇದೇನು?"

"ನಕ್ಷೆ ಅಪ್ಪಾ."

"ಸರಿಯಾಗಿ ನೋಡು. ಕೊಲ್ಲಿಗಳೆಲ್ಲಿ?"

ನೋಡಿದೆ. ಇರಲಿಲ್ಲ.

"ನನ್ನ ಕೈ ಒಳಗೆ ಹೋಗಿ ಬಂದಿದೆ ಕಣೇ. ಇಲ್ಲಿ ಒಂದು ಕೊಲ್ಲಿ, ಇಲ್ಲೊಂದು, ಇಲ್ಲಿ ನದಿ ಸೇರೋ ಅಳಿವೆ. ಕೈಗೆ ನೆನಪಿದೆ. ಗೆರೆ ಮಾತ್ರ ಹೆದ್ದಾರಿ ಥರ ನೆಟ್ಟಗೆ ಹೋಗಿದೆ. ಇಷ್ಟು ನುಣುಪಾದ ತೀರ ಭೂಮಿ ಮೇಲೆ ಎಲ್ಲೂ ಇಲ್ಲ. ಹಡಗು ಎಲ್ಲಿ ನಿಲ್ಲಬೇಕು?"

ನನ್ನ ಕಣ್ಣು ತಾನಾಗಿ ಪಟ್ಟಿಯ ಕಡೆ ಹೋಯಿತು.

"ಅವತ್ತು ನಿಮ್ಮಮ್ಮ ಫ್ರಿಜ್ಜಿನ ಹಿಂದೆ ಹುಡುಕಿದ್ದು ಇದನ್ನೇನಾ?"

ಹೇಳಿದೆ. ಎಲ್ಲವನ್ನೂ. ಮರೆತದ್ದು, ಮರೆಯದೆ ಎಳೆದದ್ದು, ಇಳಿಸಿ ಏರಿಸಿದ್ದು. ಅಪ್ಪ ಪಟ್ಟಿ ತೋರಿಸು ಅಂದರು. ತಾವೇ ಸೊನ್ನೆಗೆ ಎಳೆದರು. ಬರೆದರು. ಶಾಯಿಯಲ್ಲಿ ಬಿದ್ದ ಇರುವೆ ಎದ್ದು ನಡೆದ ಹಾಗಿತ್ತು. ಕೊಲ್ಲಿಗಳು ಇದ್ದವು. ಜೊತೆಗೆ ಸಾವಿರ ಬೇರೆ.

ಬೈದಿದ್ದರೆ ಚೆನ್ನಾಗಿತ್ತು.

"ತಿದ್ದೋದು ಬೇರೆ, ತಿದ್ದಿಸೋದು ಬೇರೆ ಪುಟ್ಟೀ. ನೀನು ನನ್ನನ್ನ ತಿದ್ದಿಬಿಟ್ಟೆ."

ಎದ್ದು ಹೋಗಿ ಮಲಗಿದರು. ಗೋಡೆ ಕಡೆ ಮುಖ.

ಜೂನ್ 26

ಅಪ್ಪ ಮೇಜಿನ ಹತ್ತಿರ ಬರಲಿಲ್ಲ. ಅಮ್ಮನಿಗೆ ಗೊತ್ತಾಯಿತು. ತರಕಾರಿ ಹೆಚ್ಚುತ್ತಾ ಬೈದಳು.

"ಇಷ್ಟು ದಪ್ಪ ದಪ್ಪ ಪುಸ್ತಕ ಓದಿದ್ದೀಯ. ಒಂದು ಮಾತು ಬಾಯಲ್ಲಿ ಬರಲಿಲ್ವಾ?" ಆಮೇಲೆ ಸ್ವಲ್ಪ ಮೆತ್ತಗೆ, "ಅವರಿಗೆ ಸಿಟ್ಟು ನಿನ್ನ ಮೇಲಲ್ಲ. ಆ ಕೈ ಮೇಲೆ."

ಒಳಗಿನಿಂದ ಅಪ್ಪ: "ಹೆಡ್‌ಮಿಸ್ಸಿಗೆ ಫೋನ್ ಮಾಡಿ ಬರೋದಿಲ್ಲ ಅನ್ನು. ನೀನೇ ಹೇಳು. ಅದಾದರೂ ಹೇಳು."

ಫೋನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ತಿದ್ದಿಸೋದು, ತಿದ್ದಿಸೋದು... ತಲೆಯೊಳಗೆ ಅದೇ ಮಾತು. ಸ್ಲೇಟು ನೆನಪಾಯಿತು. ಅಪ್ಪ ಹಿಂದೆ ಕೂತು, ನನ್ನ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು ಅ ಆ ತಿದ್ದಿಸುತ್ತಿದ್ದರು. ಅಕ್ಷರ ನನ್ನದೇ. ಸೊಟ್ಟಗಿದ್ದರೂ ನನ್ನದೇ. ಅವರ ಕೈ ಸುಮ್ಮನೆ ಭಾರವಾಗಿ ಇರುತ್ತಿತ್ತು, ಅಷ್ಟೇ.

ಫೋನ್ ಮಾಡಲಿಲ್ಲ. ಹಲಗೆ, ಲ್ಯಾಪ್‌ಟಾಪ್ ಎರಡನ್ನೂ ತೆಗೆದುಕೊಂಡು ಅವರ ಕೋಣೆಗೆ ಹೋದೆ.

"ಅಪ್ಪಾ, ಏಳಿ. ತಿದ್ದಿಸ್ತೀನಿ."

ಮುಖ ಇನ್ನೂ ಗೋಡೆಯ ಕಡೆಗೇ. ನಿಂತೇ ಇದ್ದೆ. ಅಮ್ಮನ ಈಳಿಗೆ ಸದ್ದೂ ನಿಂತಿತ್ತು.

"ಸೊನ್ನೆಗೆ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ."

ಎದ್ದರು. ಅವರ ಮೊಣಕೈ ಕೆಳಗೆ ಒಂದು ಕೈ, ಮಣಿಕಟ್ಟಿನ ಮೇಲೆ ಒಂದು ಕೈ ಇಟ್ಟೆ. ಅವರ ಕೈಯೊಳಗೆ ಏನೋ ಪಟಪಟ ಬಡಿಯುತ್ತಿತ್ತು, ಗುಬ್ಬಿ ಹಿಡಿದ ಹಾಗೆ. ಗಾಬರಿಯಲ್ಲಿ ನಾನೇ ಎಳೆದೆ.

"ಏಯ್! ನೀನು ಬರೀಬೇಡ. ಬರೀ ಹಿಡ್ಕೋ."

ಬರೀ ಹಿಡಿದೆ.

ಜೂನ್ 28

ಹೋಗುತ್ತಾರೋ ಇಲ್ಲವೋ ಹೇಳಿಲ್ಲ. ಹಲಗೆ ಬಿಟ್ಟು ಈಗ ಬಚ್ಚಲಿನ ಗೋಡೆಗೆ ಬಂದಿದ್ದೇವೆ. ಚಾಕ್‌ಪೀಸು. ಅಮ್ಮ ಸ್ನಾನಕ್ಕೆ ಕಾದು ಕಾದು, "ದೇಶ ಕಟ್ಟಿ ಮುಗಿದ ಮೇಲೆ ಹೇಳಿ, ಒಂದು ಚೊಂಬು ನೀರು ಹಾಕ್ಕೋತೀನಿ."

ನನ್ನ ಭುಜ ನೋಯುತ್ತಿದೆ. ಅವರು ಗೋಡೆಗೆ ಬೆನ್ನು ಹಾಕುತ್ತಾರಲ್ಲ, ಹಿಡಿಯುವವಳು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು.

ಜೂನ್ 29

ಇಸ್ತ್ರಿ ಶರಟು ಹಾಕಿಕೊಂಡರು. ಕರ್ಚೀಫು ಮೇಜಿನ ಮೇಲೆಯೇ ಬಿಟ್ಟರು. ಮರೆತರೋ, ಬಿಟ್ಟರೋ. ನಾನು ನೆನಪಿಸಲಿಲ್ಲ.

ಹೊಸ ಕೋಣೆ. ಬಣ್ಣದ ವಾಸನೆ. ಮಕ್ಕಳು ನೆಲದ ಮೇಲೂ ಕೂತಿದ್ದರು, ಕಿಟಕಿಯಾಚೆಯೂ ನಿಂತಿದ್ದರು. ನಾನು ಅಭ್ಯಾಸಬಲದಿಂದ ಕೊನೇ ಬೆಂಚು ಸೇರಿದೆ. ಅಪ್ಪನ ಪಕ್ಕ ನಿಲ್ಲಬೇಕೆಂಬುದು ಗೊತ್ತಿತ್ತು. ಆದರೆ ಇಷ್ಟು ಜನ.

ಅಪ್ಪ ಚಾಕ್‌ಪೀಸು ಎತ್ತಿಕೊಂಡರು. ಬೋರ್ಡಿಗೆ ಬೆನ್ನು ಹಾಕಿದರು. ಕೈ ಚಾಚಿದರು. ಚಾಕ್‌ಪೀಸು ಬೋರ್ಡಿನ ಮೇಲೆ ಟಕಟಕಟಕ ಅಂದಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಿಸ್ಸು ಅರ್ಧ ಎದ್ದರು.

ಅಪ್ಪ ಕೈ ಇಳಿಸಿದರು. ಮುಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಮುಂದೆ ಹಿಡಿದರು.

"ನೋಡಿದ್ರಾ? ನನ್ನ ಕೈಗೆ ಈಗ ವೋಲ್ಟೇಜ್ ಏರುಪೇರು. ಅದಕ್ಕೆ ಮನೆಯಿಂದ ಸ್ಟೆಬಿಲೈಸರ್ ತಂದಿದ್ದೀನಿ. ಕೊನೇ ಬೆಂಚಲ್ಲಿ ಅವಿತುಕೊಂಡು ಕೂತಿದೆ."

ಇಡೀ ಕೋಣೆ ನನ್ನ ಕಡೆ ತಿರುಗಿತು.

ಹೇಗೆ ಎದ್ದೆನೋ ಗೊತ್ತಿಲ್ಲ. ಬೆಂಚಿಗೆ ಮೊಣಕಾಲು ಬಡಿದದ್ದು ಗೊತ್ತು. ಈಗಲೂ ನೀಲಿಗಟ್ಟಿದೆ. ಹೋಗಿ ಹಿಡಿದೆ. ಗುಬ್ಬಿ ಬಡಿಯುತ್ತಿತ್ತು. ಅಪ್ಪ ಮಕ್ಕಳನ್ನು ನೋಡುತ್ತಾ ಮಳೆ, ಮಾರುತ ಅಂತ ಮಾತು ಶುರು ಮಾಡಿದರು. ಗೆರೆ ಹೊರಟಿತು. ಒಳಗೆ ಹೋಯಿತು, ಹೊರಗೆ ಬಂತು. ಅಳಿವೆ ಬಂತು. ನಾನು ಅಡ್ಡಡ್ಡ ನಡೆದೆ. ದೇಶ ಮುಗಿದಾಗ ಮಾತೂ ಮುಗಿಯಿತು. ಸ್ವಲ್ಪ ತಡವಾಗಿ, ಅಷ್ಟೇ.

ಜಡೆ ಹಾಕಿದ ಹುಡುಗಿಯೊಬ್ಬಳು ಕೈ ಎತ್ತಿದಳು. "ಸಾರ್, ಅಲ್ಲಿ ಎರಡು ಕೊಲ್ಲಿ ಜಾಸ್ತಿ ಇದೆ. ಪುಸ್ತಕದಲ್ಲಿ ಇಲ್ಲ."

"ಸಮುದ್ರ ಕೊರೀತಾನೇ ಇರುತ್ತಮ್ಮ. ನೀನು ದೊಡ್ಡವಳಾಗೋ ಹೊತ್ತಿಗೆ ಬಂದಿರುತ್ತೆ, ಹೋಗಿ ನೋಡ್ಕೋ."

ಕೋಣೆ ನಕ್ಕಿತು. ಆ ನಗೆಯ ನಡುವೆಯೇ, ನನ್ನ ಕಡೆ ನೋಡದೆ, ಚಾಕ್‌ಪೀಸಿನಿಂದ ಬೋರ್ಡು ಕುಟ್ಟಿ — "ಕೊನೇ ಬೆಂಚು, ಇದು ಯಾವ ಕೊಲ್ಲಿ?"

ಹೇಳಿದೆ. ಕಿಟಕಿಯಾಚೆಯವರಿಗೂ ಕೇಳಿಸಿತಂತೆ. ಹೆಡ್‌ಮಿಸ್ಸು ಆಮೇಲೆ ಹೇಳಿದರು.

ಜುಲೈ 4, ಬೆಳಗ್ಗೆ

ಲೋಟ ಬಿಟ್ಟು ಈಗ ಕೈ ಬರೆಯುತ್ತಿದ್ದೇನೆ. ಅಪ್ಪನ ಕೈ. ಸ್ಟೆಬಿಲೈಸರ್ ಇಲ್ಲದೆ. ಅಮ್ಮ ನೋಡಿ, "ಶುಂಠಿನಾ?" ಅಂದಳು. ಆನೆ ಕಾಲಿಗಿಂತ ವಾಸಿ.

ಅಪ್ಪನ ಪಾಳಿ ಎಂದಿನಂತೆ ಮೊದಲು. ಕರಾವಳಿ ಒಂದು ಲೇಯರ್, ಬೆಟ್ಟ ಒಂದು ಲೇಯರ್. ಪಟ್ಟಿಯನ್ನು ಅವರೇ ನೋಡಿಕೊಳ್ಳುತ್ತಾರೆ. ರಸ್ತೆ ಬರೆಯುವಾಗ ಏರಿಸುತ್ತಾರೆ, ಸಮುದ್ರ ಬಂದರೆ ಸೊನ್ನೆ. ನನಗೆ ಹೊಸ ಹೆಸರು ಬಿದ್ದಿದೆ. ಜ್ವಾಲಾಮುಖಿ ಹೋಯಿತು, ಸ್ಟೆಬಿಲೈಸರ್ ಬಂತು. ಅಮ್ಮ ಹಾಗೆ ಕರೆದಾಗಲೆಲ್ಲ ಫ್ರಿಜ್ಜಿನ ಕಡೆ ನೋಡುತ್ತೇನೆ.

ಇವತ್ತು ಒಂದು ಉದ್ದನೆಯ ತೀರ ಬರೆಯುತ್ತಿದ್ದರು. ಮೊಣಕೈ ಹಿಡಿದಿದ್ದೆ. ಗುಬ್ಬಿ ಸ್ವಲ್ಪ ಸುಮ್ಮನಿದೆ ಅನ್ನಿಸಿತು. ಸದ್ದಿಲ್ಲದೆ ಬಿಟ್ಟುಬಿಡೋಣವೇ ಅನ್ನಿಸಿತು. ಇಲ್ಲ. "ಅಪ್ಪಾ, ಕೈ ಬಿಡ್ತಾ ಇದ್ದೀನಿ" ಅಂತ ಹೇಳಿಯೇ ಬಿಟ್ಟೆ.

"ಹೂಂ, ಬಿಡು" ಅಂದರು. ಗೆರೆ ಒಂದು ಸಲ ಹಲ್ಲು ತೋರಿಸಿತು. ಆಮೇಲೆ ಕೊಲ್ಲಿಯೊಳಗೆ ಇಳಿಯಿತು, ತಾನೊಂದೇ, ನಿಧಾನವಾಗಿ, ಮತ್ತೆ —

ಕರೆಯುತ್ತಿದ್ದಾರೆ. ನದಿಗೆ ಹೊಸ ಲೇಯರ್ ಬೇಕಂತೆ. ಬಂದೆ ಅಪ್ಪ